ಪ್ರಾಚೀನ ದೇವಾಲಯಗಳೂ ಆರಂಭಕಾಲದ ಛಾಯಾಚಿತ್ರಗಳೂ

ಜಿನಬಿಂಬ ಪ್ರತಿಷ್ಠೆಯ ಈ ಮಂಗಲ ಸಮಯದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ ನಾನು ಬಹಳ ಸಂಕೋಚಪಟ್ಟೆನು. ನಾನು ಪಂಡಿತನಲ್ಲ; ಮೆಟ್ರಿಕ್ ತನಕ ಓದಿ ಅಂಗಡಿಯ ಗಾದಿಯ ಮೇಲೆ ಕುಳಿತವನು. ಆದರೆ ಹಳೆಯ ಕಟ್ಟಡಗಳ ಹಳೆಯ ಛಾಯಾಚಿತ್ರಗಳನ್ನು ಹುಡುಕಿ ನೋಡುವ ಹವ್ಯಾಸವೊಂದು ಕೆಲವು ವರ್ಷಗಳಿಂದ ನನಗೆ ಅಂಟಿಕೊಂಡಿದೆ. ಅದಕ್ಕೆ ಕಾರಣ ನಮ್ಮ ಬಸದಿಯ ಬಾಗಿಲವಾಡ.

ಹಿಂದಿನ ಜೀರ್ಣೋದ್ಧಾರ ನಡೆದಾಗ ನಾನು ಚಿಕ್ಕ ಬಾಲಕನು. ಆಗಿನ ಸಮಿತಿಯಲ್ಲಿ ನನ್ನ ತೀರ್ಥರೂಪರೂ ಇದ್ದರು. ಬಿರುಕುಬಿಟ್ಟಿದ್ದ ಹಳೆಯ ಬಾಗಿಲವಾಡವನ್ನು ತೆಗೆದು ಹೊಸದನ್ನು ನಿಲ್ಲಿಸಿದರು. ಹಳೆಯ ಕಲ್ಲು ತಳಪಾಯಕ್ಕೆ ಸೇರಿತೆಂದು ಹೇಳುತ್ತಾರೆ. ಅದರ ಚಿತ್ರವನ್ನು ತೆಗೆಸಬೇಕೆಂಬ ಯೋಚನೆ ಯಾರಿಗೂ ಬರಲಿಲ್ಲ. ಈ ಸಲದ ಕೆಲಸಕ್ಕೆ ಬಂದ ಶಿಲ್ಪಿಗಳು, "ಮೊದಲು ಲಲಾಟದಲ್ಲಿ ಯಾವ ಬಿಂಬವಿತ್ತು?" ಎಂದು ಕೇಳಿದಾಗ ಹಿರಿಯರಲ್ಲಿ ಭಿನ್ನಾಭಿಪ್ರಾಯ ಹುಟ್ಟಿತು. ನಮ್ಮ ಮೂಲನಾಯಕರು ಚಂದ್ರನಾಥ ಸ್ವಾಮಿಗಳು. ಆದರೆ ಹಳೆಯ ಬಾಗಿಲ ಮೇಲೆ ಹೆಡೆಗಳಿದ್ದ ಬಿಂಬವಿತ್ತೆಂದು ಇಬ್ಬರು ಹೇಳಿದರು. ಹೆಡೆ ಏಳಿದ್ದವು, ಪಾರ್ಶ್ವನಾಥರೇ ಸರಿ ಎಂದು ಒಬ್ಬರು. ಐದೇ ಇದ್ದವು, ಸುಪಾರ್ಶ್ವನಾಥರು ಎಂದು ಮತ್ತೊಬ್ಬರು. ಹೆಡೆಯೇ ಇರಲಿಲ್ಲವೆಂದು ಮೂರನೆಯವರು. ಇದು ಸಣ್ಣ ಮಾತಲ್ಲ. ಬಸದಿಯು ಮೊದಲು ಯಾವ ತೀರ್ಥಂಕರರ ಹೆಸರಿನಲ್ಲಿ ಕಟ್ಟಲ್ಪಟ್ಟಿತೆಂಬ ಪ್ರಶ್ನೆಯೇ ಇದರಲ್ಲಿ ಅಡಗಿದೆ.

ಕಡೆಗೆ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಒಂದು ಹಳೆಯ ಭಾವಚಿತ್ರ ಸಿಕ್ಕಿತು. ಯಾವುದೋ ಮದುವೆಯ ಮರುದಿನ ಬಸದಿಯ ಮೆಟ್ಟಿಲಮೇಲೆ ಮನೆಯವರೆಲ್ಲ ನಿಂತು ತೆಗೆಸಿಕೊಂಡದ್ದು. ಹಿಂದೆ ಬಾಗಿಲವಾಡ ಸ್ಪಷ್ಟವಾಗಿ ಕಾಣುತ್ತದೆ. ಎರಡು ಬದಿಯ ಚಾಮರಧಾರಿಗಳೂ ಕಾಣುತ್ತಾರೆ. ಆದರೆ ಸರಿಯಾಗಿ ನಡುವೆ, ಬಿಂಬವಿದ್ದ ಸ್ಥಳಕ್ಕೆ ಅಡ್ಡವಾಗಿ, ನನ್ನ ಅಜ್ಜನವರ ರುಮಾಲು ಬಂದಿದೆ! ರುಮಾಲಿನ ಅಂಚಿನಲ್ಲಿ ಹೆಡೆಯಂತೆ ತೋರುವ ಎರಡು ಉಬ್ಬುಗಳು ಮಾತ್ರ ಇಣುಕುತ್ತವೆ. ಅವುಗಳಿಂದ ಏಳೋ ಐದೋ ಎಂದು ಹೇಳುವಂತಿಲ್ಲ.

ಆ ಚಿತ್ರವನ್ನು ನೋಡಿದ ದಿನದಿಂದ, ಪರದೇಶದವರು ನಮ್ಮ ನಾಡಿನ ಗುಡಿ-ಬಸದಿಗಳ ಚಿತ್ರಗಳನ್ನು ಮೊದಲಿಗೆ ಹೇಗೆ ತೆಗೆದರು, ಅವುಗಳಿಂದ ಆದ ಪ್ರಯೋಜನವೇನು, ಅವುಗಳಲ್ಲಿರುವ ಕೊರತೆಯೇನು ಎಂಬುದನ್ನು ತಿಳಿಯುವ ಆಸೆ ನನ್ನಲ್ಲಿ ಹುಟ್ಟಿತು. ತಿಳಿದಷ್ಟನ್ನು ಧರ್ಮಬಂಧುಗಳ ಮುಂದಿಡುತ್ತಿದ್ದೇನೆ.

ಛಾಯಾಚಿತ್ರದ ಉದಯ

ಫ್ರಾನ್ಸಿನ ಡಾಗೇರ್ ಎಂಬವನ ವಿಧಾನವು ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಅದರಲ್ಲಿ ಬೆಳ್ಳಿ ಲೇಪಿಸಿದ ತಗಡಿನ ಮೇಲೆ ಒಂದೇ ಒಂದು ಚಿತ್ರ ಮೂಡುತ್ತಿತ್ತು, ಪ್ರತಿ ತೆಗೆಯುವಂತಿರಲಿಲ್ಲ. ಇಂಗ್ಲೆಂಡಿನ ಟಾಲ್ಬಟ್ ಎಂಬವನು 1841ರಲ್ಲಿ ಕಾಗದದ ನೆಗೆಟಿವ್ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಇದರಲ್ಲಿ ಬೆಳಕು ಕಪ್ಪಾಗಿಯೂ ನೆರಳು ಬಿಳುಪಾಗಿಯೂ ಮೂಡಿದ ಒಂದು ಮೂಲವಿದ್ದು, ಅದರಿಂದ ಬೇಕಾದಷ್ಟು ಪ್ರತಿಗಳನ್ನು ಮಾಡಬಹುದಾಗಿತ್ತು. 1851ರಲ್ಲಿ ಫ್ರಾನ್ಸಿನ ಲೆ ಗ್ರೇ ಎಂಬವನು ಆ ಕಾಗದಕ್ಕೆ ಮೊದಲೇ ಮೇಣವನ್ನು ಹೀರಿಸುವ ಕ್ರಮವನ್ನು ಪ್ರಕಟಿಸಿದನು. ಮೇಣದ ಕಾಗದವನ್ನು ಮುಂಚಿತವಾಗಿ ಸಿದ್ಧಪಡಿಸಿ ಒಯ್ಯಬಹುದಾದ್ದರಿಂದ ದೂರಪ್ರಯಾಣ ಮಾಡುವವರಿಗೆ ಇದು ಬಹಳ ಅನುಕೂಲವಾಯಿತು.

ಈ ವಿದ್ಯೆ ಕೈಗೆ ಬಂದೊಡನೆ ಪ್ರವಾಸಿಗಳು ಮೊದಲು ಹೊರಟದ್ದು ಪ್ರಾಚೀನ ಕಟ್ಟಡಗಳ ಕಡೆಗೆ. ಇದಕ್ಕೆ ಒಂದು ಸರಳ ಕಾರಣವುಂಟು. ಆಗ ಒಂದು ಚಿತ್ರ ಮೂಡಬೇಕಾದರೆ ಕ್ಯಾಮರಾದ ಬಾಯಿಯನ್ನು ಹಲವು ನಿಮಿಷ ತೆರೆದಿಡಬೇಕಾಗಿತ್ತು. ಮನುಷ್ಯರು ಅಲುಗಾಡುತ್ತಾರೆ, ಎಲೆಗಳು ಅಲುಗಾಡುತ್ತವೆ, ಕಲ್ಲು ಅಲುಗಾಡುವುದಿಲ್ಲ. ಮ್ಯಾಕ್ಸಿಮ್ ಡು ಕಾಂ ಎಂಬ ಫ್ರೆಂಚ್ ಲೇಖಕನು 1849ರಲ್ಲಿ ಈಜಿಪ್ಟಿಗೆ ಹೋಗಿ, ಅಲ್ಲಿಯ ದೇಗುಲಗಳ ಚಿತ್ರಗಳನ್ನು ತೆಗೆದು, 1852ರಲ್ಲಿ 125 ಚಿತ್ರಗಳ ಗ್ರಂಥವನ್ನು ಹೊರತಂದನು. ಕಂಬ ಎಷ್ಟು ಎತ್ತರವೆಂದು ನೋಡುವವರಿಗೆ ತಿಳಿಯಲೆಂದು ಹಾಜಿ ಇಸ್ಮಾಯಿಲ್ ಎಂಬ ನಾವಿಕನನ್ನು ಅವನು ಕಲ್ಲಿನ ಪಕ್ಕದಲ್ಲಿ ನಿಲ್ಲಿಸುತ್ತಿದ್ದನು. ಮನುಷ್ಯನೇ ಅಳತೆಗೋಲಾಗುವ ಈ ಕ್ರಮವನ್ನು ಮುಂದೆ ಎಲ್ಲ ದೇಶಗಳಲ್ಲಿಯೂ ಅನುಸರಿಸಿದರು.

ಕನ್ನಡ ನಾಡಿನಲ್ಲಿ

ನಮ್ಮ ನಾಡಿಗೆ ಈ ವಿದ್ಯೆ ಬರಲು ಬಹಳ ಕಾಲ ಹಿಡಿಯಲಿಲ್ಲ. ಮದ್ರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನಿಯಸ್ ಟ್ರೈಪ್ ಮತ್ತು ವೈದ್ಯನಾದ ನೀಲ್ ಎಂಬವರು 1854ರ ಕೊನೆಯಲ್ಲಿ ಹಳೇಬೀಡು, ಬೇಲೂರುಗಳಿಗೆ ಹೋಗಿ ಹೊಯ್ಸಳ ದೇವಾಲಯಗಳ ಚಿತ್ರಗಳನ್ನು ತೆಗೆದರು. ಇವು 1855ರ ಮದ್ರಾಸು ವಸ್ತುಪ್ರದರ್ಶನದಲ್ಲಿ ಪ್ರದರ್ಶಿತವಾಗಿ ಬಹಳ ಮನ್ನಣೆ ಪಡೆದವು. ಅದೇ 1855ರಲ್ಲಿ ಮುಂಬಯಿ ಸರಕಾರದವರು ಥಾಮಸ್ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿಯನ್ನು ಈ ಕೆಲಸಕ್ಕೆಂದೇ ನೇಮಿಸಿದರು. ಅವನು ವಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಸಂಚರಿಸಿ ಚಿತ್ರಗಳನ್ನು ತೆಗೆದನು. ಅವನು ಸೈನ್ಯಕ್ಕೆ ಮರಳಿದ ಬಳಿಕ ಪಿಗೂ ಎಂಬ ವೈದ್ಯನು ಆ ಕಾರ್ಯವನ್ನು ಮುಂದುವರಿಸಿದನು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮತ್ತೊಬ್ಬ ಸೈನ್ಯಾಧಿಕಾರಿಯು ಹಂಪೆಯ ಅವಶೇಷಗಳ ನಡುವೆ ತನ್ನ ದೊಡ್ಡ ಕ್ಯಾಮರಾವನ್ನು ನಿಲ್ಲಿಸಿ, ಮೇಣದ ಕಾಗದದ ಮೇಲೆ 60ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದನು.

ಆ ಕಾಲದ ಶ್ರಮವನ್ನು ಇಂದು ಊಹಿಸುವುದು ಕಷ್ಟ. ಚಿತ್ರವನ್ನು ಹಿಗ್ಗಿಸಿ ತೆಗೆಯುವ ಅನುಕೂಲ ಆಗ ಇರಲಿಲ್ಲ. ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ಕಾಗದವನ್ನು ಕ್ಯಾಮರಾದೊಳಗೆ ಇಡಬೇಕು. ಆದ್ದರಿಂದ ಕ್ಯಾಮರಾ ಒಂದು ಸಣ್ಣ ಪೆಠಾರಿಯಷ್ಟಿರುತ್ತಿತ್ತು. ಬೆಳ್ಳಿಯ ಲವಣ, ಇತರ ರಾಸಾಯನಿಕಗಳು, ತೊಳೆಯಲು ಶುದ್ಧವಾದ ನೀರು, ಕತ್ತಲೆಯ ಡೇರೆ, ಇವೆಲ್ಲವನ್ನು ಹೊತ್ತು ನಡೆಯಬೇಕು. ಸೆಕೆಗೆ ಔಷಧಗಳು ಕೆಡುತ್ತಿದ್ದವು, ಧೂಳಿಗೆ ಕಾಗದ ಕಲೆಯಾಗುತ್ತಿತ್ತು. ಮಳೆಗಾಲದಲ್ಲಂತೂ ಈ ಕೆಲಸ ಅಸಾಧ್ಯವಾಗಿತ್ತು. ಸಾಹೇಬರ ಹೆಸರುಗಳು ಚರಿತ್ರೆಯಲ್ಲಿ ಉಳಿದವು. ಪೆಟ್ಟಿಗೆ ಹೊತ್ತವರು, ನೀರು ತಂದವರು, ಅಳತೆಗೋಲಿನಂತೆ ಕಂಬದ ಬಳಿ ಉಸಿರು ಬಿಗಿಹಿಡಿದು ನಿಂತ ನಮ್ಮ ಊರುಗಳ ಜನ, ಇವರ ಹೆಸರುಗಳನ್ನು ಹೆಚ್ಚಾಗಿ ಯಾರೂ ಬರೆದಿಡಲಿಲ್ಲ.

ಟ್ರೈಪನು ಮುಂದೆ ಮದ್ರಾಸು ಸರಕಾರದ ಛಾಯಾಚಿತ್ರಗಾರನಾದನು. 1858ರಲ್ಲಿ ಅವನು ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಮೇಲಿನ ಶಾಸನವನ್ನು ತುಂಡುತುಂಡಾಗಿ ಚಿತ್ರಿಸಿ, 21 ಚಿತ್ರಗಳನ್ನು ಒಂದಕ್ಕೊಂದು ಜೋಡಿಸಿ ಉದ್ದವಾದ ಒಂದು ಸುರುಳಿಯನ್ನೇ ಮಾಡಿದನು. ಶಾಸನವನ್ನು ಕೈಯಿಂದ ನಕಲು ಮಾಡುವವನು ಅಕ್ಷರ ತಿಳಿಯದೆ ತಪ್ಪು ಬರೆಯಬಹುದು. ಕ್ಯಾಮರಾ ತನಗೆ ಓದಲು ಬಾರದ ಅಕ್ಷರವನ್ನೂ ಇದ್ದ ಹಾಗೆ ತೋರಿಸುತ್ತದೆ. ಆದರೆ ಇಂತಹ ಕೆಲಸಕ್ಕೆ ಹಣ ಸುರಿಯುವುದು ದುಂದುವೆಚ್ಚವೆಂದು ಆಗಿನ ಮದ್ರಾಸಿನ ಗವರ್ನರ್ ಟ್ರೆವೆಲ್ಯನ್ ಭಾವಿಸಿದ್ದರಿಂದ 1860ರ ವೇಳೆಗೆ ಟ್ರೈಪನ ಕಾರ್ಯವು ನಿಂತುಹೋಯಿತು.

ಇಬ್ಬರು ವ್ಯಾಪಾರಿಗಳು

ಈ ಚರಿತ್ರೆಯಲ್ಲಿ ನಮ್ಮ ವೃತ್ತಿಯವರಾದ ಇಬ್ಬರು ಬರುತ್ತಾರೆಂಬುದು ನನಗೆ ಸಂತೋಷವನ್ನುಂಟುಮಾಡಿದ ವಿಷಯ.

ಮೊದಲನೆಯವನು ಜೇಮ್ಸ್ ಫರ್ಗ್ಯುಸನ್. ಇವನು ಕಲಕತ್ತೆಯಲ್ಲಿ ನೀಲಿಯ ವ್ಯಾಪಾರ ಮಾಡಿ ಹಣ ಗಳಿಸಿ, ವ್ಯಾಪಾರವನ್ನು ಬಿಟ್ಟು ಭಾರತದ ವಾಸ್ತುಶಿಲ್ಪದ ಅಧ್ಯಯನಕ್ಕೆ ತನ್ನನ್ನು ಒಪ್ಪಿಸಿಕೊಂಡನು. ಲಂಡನ್ನಿಗೆ ಹಿಂದಿರುಗಿದ ಮೇಲೆ ಅವನಿಗೆ ಆಧಾರವಾದದ್ದು ಛಾಯಾಚಿತ್ರಗಳೇ. ಭಾರತದ ಕಟ್ಟಡಗಳ 3000ಕ್ಕೂ ಮಿಕ್ಕ ಚಿತ್ರಗಳನ್ನು ಅವನು ಸಂಗ್ರಹಿಸಿದ್ದನು. ಸಾವಿರಾರು ಮೈಲಿಗಳ ಅಂತರದಲ್ಲಿರುವ ಎರಡು ಗುಡಿಗಳ ಕಂಬಗಳನ್ನು ಒಂದೇ ಮೇಜಿನ ಮೇಲಿಟ್ಟು ಹೋಲಿಸುವುದು ಅದಕ್ಕೆ ಮೊದಲು ಯಾರಿಗೂ ಸಾಧ್ಯವಿರಲಿಲ್ಲ.

ಎರಡನೆಯವರು ಮುಂಬಯಿಯ ಪ್ರೇಮಚಂದ ರಾಯಚಂದ ಶೆಟ್ಟರು. ಸೂರತ್ ಮೂಲದ ಈ ಜೈನ ಶ್ರೀಮಂತರು ಹತ್ತಿಯ ವ್ಯಾಪಾರದಲ್ಲಿ ಅಪಾರ ಸಂಪತ್ತನ್ನು ಗಳಿಸಿ ಅಷ್ಟೇ ಉದಾರವಾಗಿ ದಾನ ಮಾಡಿದವರು. ಮುಂಬಯಿ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರವು ಅವರ ಮಾತೃಶ್ರೀಯವರ ಹೆಸರಿನಲ್ಲಿದೆ. ಕಣ್ಣು ಕಾಣದ ಆ ತಾಯಿಗೆ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ನಿಯಮವನ್ನು ಪಾಲಿಸಲು, ಗೋಪುರದ ಗಂಟೆ ಹೊತ್ತನ್ನು ತಿಳಿಸುತ್ತಿತ್ತೆಂಬ ಪ್ರತೀತಿಯನ್ನು ನಮ್ಮಲ್ಲಿ ಅನೇಕರು ಕೇಳಿರಬಹುದು. ಆದರೆ ಅವರು ಛಾಯಾಚಿತ್ರಗಳ ಗ್ರಂಥವೊಂದಕ್ಕೂ ಪೋಷಕರಾಗಿದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅಹಮದಾಬಾದಿನ ಕಟ್ಟಡಗಳನ್ನು ಬಿಗ್ಸನು ತೆಗೆದ ಚಿತ್ರಗಳ ಮೂಲಕ ತೋರಿಸುವ ಗ್ರಂಥವು 1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನದಿಂದ ಹೊರಬಂದಾಗ ಅದರ ಮುಖಪುಟದಲ್ಲಿ ಪೋಷಕರೆಂದು ಅಚ್ಚಾದ ಹೆಸರು ಪ್ರೇಮಚಂದರದು. 1848ರಲ್ಲಿ ಪೂರ್ಣಗೊಂಡ ಹಠೀಸಿಂಗ್ ಜಿನಾಲಯದ ಚಿತ್ರಗಳೂ ಅದರಲ್ಲಿವೆ. ಅಮೆರಿಕದ ಅಂತರ್ಯುದ್ಧ ಮುಗಿದು 1865ರಲ್ಲಿ ಹತ್ತಿಯ ಬೆಲೆ ಕುಸಿದಾಗ ಶೆಟ್ಟರ ವ್ಯವಹಾರ ನೆಲಕಚ್ಚಿತು. ಸಂಪತ್ತು ಹೋಯಿತು, ಆದರೆ ಅವರ ಹಣದ ನೆರವಿನಿಂದ ಉಳಿದ ಚಿತ್ರಗಳು ಇಂದಿಗೂ ಇವೆ. ಲಕ್ಷ್ಮಿ ಚಂಚಲೆ, ಶಾಸ್ತ್ರದಾನ ಸ್ಥಿರವೆಂಬ ಹಿರಿಯರ ಮಾತಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಅದೇ 1866ರಲ್ಲಿ, ಅದೇ ಮಾಲೆಯಲ್ಲಿ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವೂ ಪ್ರಕಟವಾಯಿತು. ಪಿಗೂ, ನೀಲ್, ಬಿಗ್ಸ್ ಮೂವರ ಚಿತ್ರಗಳು ಅದರಲ್ಲಿವೆ. ಚರಿತ್ರೆಯನ್ನು ಬರೆದವರು ಸುರಪುರದ ಸಂಬಂಧದಿಂದ ನಮಗೆ ಪರಿಚಿತರಾದ ಮೆಡೋಸ್ ಟೇಲರ್. ಶಿಲ್ಪದ ಟಿಪ್ಪಣಿ ಫರ್ಗ್ಯುಸನ್ನನದು. ಆಗ ಛಾಯಾಚಿತ್ರವನ್ನು ಪುಸ್ತಕದ ಅಕ್ಷರಗಳೊಡನೆ ಅಚ್ಚುಹಾಕುವ ವಿಧಾನವು ಬಳಕೆಗೆ ಬಂದಿರಲಿಲ್ಲ. ಪ್ರತಿಯೊಂದು ಪುಸ್ತಕಕ್ಕೂ ಚಿತ್ರಗಳ ಪ್ರತಿಗಳನ್ನು ಬೇರೆಯಾಗಿ ತಯಾರಿಸಿ ಹಾಳೆಗೆ ಅಂಟಿಸುತ್ತಿದ್ದರು. 1869ರಲ್ಲಿ ಮುಂಬಯಿಯಲ್ಲಿ ಪ್ರಕಟವಾದ, ಶತ್ರುಂಜಯ ತೀರ್ಥದ ಜಿನಾಲಯಗಳ ಚಿತ್ರಗ್ರಂಥವೂ ಇಂತಹುದೇ. ಅದಕ್ಕೆ ಪೀಠಿಕೆ ಬರೆದವರು ಜೇಮ್ಸ್ ಬರ್ಜೆಸ್.

ತುಳುನಾಡಿನ ಬಸದಿಗಳು ಲಂಡನ್ನಿನಲ್ಲಿ

ಫರ್ಗ್ಯುಸನ್ನನ ಭಾರತೀಯ ವಾಸ್ತುಶಿಲ್ಪದ ಇತಿಹಾಸವು 1876ರಲ್ಲಿ ಪ್ರಕಟವಾಯಿತು. ಅದರಲ್ಲಿ ಮೂಡುಬಿದಿರೆಯ ಬಸದಿ, ಅಲ್ಲಿಯ ಕೆತ್ತನೆಯ ಕಂಬ, ಮುನಿಗಳ ಸಮಾಧಿಗಳು, ವೇಣೂರಿನ ಗೊಮ್ಮಟ, ಗುರುವಾಯನಕೆರೆಯ ಮಂಟಪ ಮತ್ತು ಮಾನಸ್ತಂಭ, ಶ್ರವಣಬೆಳಗೊಳದ ಬಸದಿ, ಇವುಗಳ ಚಿತ್ರಗಳಿವೆ. ಇವು ಛಾಯಾಚಿತ್ರವನ್ನು ನೋಡಿ ಮರದ ಅಚ್ಚಿನಲ್ಲಿ ಕೊರೆದ ಚಿತ್ರಗಳು. ಊರಿನ ಹೆಸರುಗಳು ಸಾಹೇಬರ ಬಾಯಲ್ಲಿ ತಿರುಚಿಹೋಗಿವೆ. ವೇಣೂರು 'ಯನ್ನೂರ್' ಆಗಿದೆ, ಗುರುವಾಯನಕೆರೆ 'ಗುರುಸಂಕೇರಿ'ಯಾಗಿದೆ. ಆದರೂ ಚಿತ್ರವನ್ನು ನೋಡಿದೊಡನೆ ಅಲ್ಲಿಗೆ ಯಾತ್ರೆ ಹೋಗಿಬಂದ ಶ್ರಾವಕನು ಗುರುತು ಹಿಡಿಯುತ್ತಾನೆ.

1430ರಲ್ಲಿ ಕಟ್ಟಲ್ಪಟ್ಟ ಸಾವಿರ ಕಂಬದ ಬಸದಿಯಂತಹ ಕಟ್ಟಡಗಳ ಇಳಿಜಾರಾದ, ಅಂತಸ್ತು ಅಂತಸ್ತಾದ ಮಾಡುಗಳನ್ನು ಚಿತ್ರದಲ್ಲಿ ಕಂಡು ಫರ್ಗ್ಯುಸನ್ನನು ಬಹಳ ವಿಸ್ಮಯಗೊಂಡನು. ದಕ್ಷಿಣದ ಬೇರಾವ ಕಡೆಯೂ ಇಂತಹ ರೂಪವನ್ನು ಕಾಣದೆ, ದೂರದ ನೇಪಾಳದ ಕಟ್ಟಡಗಳನ್ನು ಅವನು ಹೋಲಿಕೆಗೆ ತಂದನು. ವಿದ್ವಾಂಸರು ಇದನ್ನು ಕುರಿತು ಬಹಳ ಚರ್ಚಿಸಿದ್ದಾರೆ. ಅಲ್ಪಜ್ಞನಾದ ನನಗೆ ತೋರುವುದಿಷ್ಟೇ. ಆಷಾಢ ಶ್ರಾವಣಗಳಲ್ಲಿ ಮೂಡುಬಿದಿರೆಯಲ್ಲಿ ಒಂದು ವಾರ ಉಳಿದವನಿಗೆ ಆ ಮಾಡಿನ ಇಳಿಜಾರು ಏಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಧಾರಾಕಾರವಾದ ಮಳೆಯೇ ಅದರ ಉತ್ತರ. ಆದರೆ ಮಳೆಗಾಲದಲ್ಲಿ ಕ್ಯಾಮರಾ ಹೊರಗೆ ಬರುತ್ತಿರಲಿಲ್ಲ. ಹೀಗಾಗಿ ಲಂಡನ್ನಿಗೆ ಮಾಡು ಮುಟ್ಟಿತು, ಮಳೆ ಮುಟ್ಟಲಿಲ್ಲ!

ಚಿತ್ರದ ಬಲವೂ ಮಿತಿಯೂ

ಅಂತೆಯೇ ಇನ್ನೊಂದು ಮಿತಿಯನ್ನು ಹೇಳಬೇಕು. ಗರ್ಭಗೃಹದ ಕತ್ತಲೆಯಲ್ಲಿ ಆ ಕಾಲದ ಕ್ಯಾಮರಾ ನಡೆಯುತ್ತಿರಲಿಲ್ಲ. ಅಭಿಷೇಕ, ಆರತಿ, ಸ್ವಾಧ್ಯಾಯ, ಇವಾವುವೂ ಅದಕ್ಕೆ ದಕ್ಕಲಿಲ್ಲ. ಹೊರಗಿನ ಗೋಡೆ, ಮುಖಮಂಟಪ, ಮಾನಸ್ತಂಭ, ಇಷ್ಟೇ ಅದರ ಪಾಲಿಗೆ ಬಂದದ್ದು. ಆದ್ದರಿಂದ ನಿತ್ಯಪೂಜೆ ನಡೆಯುತ್ತಿದ್ದ ಗುಡಿಯೂ ಆ ಚಿತ್ರಗಳಲ್ಲಿ ಜನರಿಲ್ಲದ ಹಾಳುಗುಡಿಯಂತೆ ಕಾಣುತ್ತದೆ. ದೂರದಲ್ಲಿ ಕುಳಿತು ನೋಡಿದವರು ಇದನ್ನೆಲ್ಲ ಗತವೈಭವವೆಂದು ತಿಳಿದರೆ ಆಶ್ಚರ್ಯವಿಲ್ಲ.

ಚಿತ್ರದ ಕೆಳಗೆ ಬರೆಯುವ ಹೆಸರಿನ ವಿಷಯದಲ್ಲಿಯೂ ಎಚ್ಚರ ಬೇಕು. ಹಂಪೆಯ ಹೇಮಕೂಟದ ಮೇಲಿರುವ, ಮೆಟ್ಟಿಲು ಮೆಟ್ಟಿಲಾದ ಶಿಖರದ ತ್ರಿಕೂಟ ಗುಡಿಗಳನ್ನು ಹಿಂದಿನವರು ಬಹುಕಾಲ ಜೈನ ಬಸದಿಗಳೆಂದೇ ಕರೆದರು. ಅವು ಶೈವ ದೇವಾಲಯಗಳೆಂದು ಈಗ ವಿದ್ವಾಂಸರು ನಿರ್ಣಯಿಸಿದ್ದಾರೆ. ನಮ್ಮದಲ್ಲದ್ದನ್ನು ನಮ್ಮದೆಂದು ಹೇಳಿಕೊಳ್ಳುವುದು ಅಸ್ತೇಯವ್ರತಕ್ಕೂ ಸತ್ಯವ್ರತಕ್ಕೂ ಒಪ್ಪುವ ಮಾತಲ್ಲ. ಎರಡನೆಯ ಹರಿಹರನ ಮಂತ್ರಿ ಇರುಗಪ್ಪ ದಂಡನಾಯಕನು ಕಟ್ಟಿಸಿದ ಕುಂಥುನಾಥ ಜಿನಾಲಯ, ಜನರು ಗಾಣಗಿತ್ತಿ ಬಸದಿ ಎನ್ನುವುದು, ಅದೇ ಹಂಪೆಯಲ್ಲಿ ತನ್ನ ಶಾಸನದೊಡನೆ ನಿಂತಿದೆ. ನಿಜವಾದದ್ದು ಇರುವಾಗ ಸಂದೇಹದ್ದರ ಹಂಗೇಕೆ?

ಚಿತ್ರದ ಬಲಕ್ಕೆ ಹಂಪೆಯದೇ ಒಂದು ಉದಾಹರಣೆ ಸಾಕು. ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ನೋಡದವರು ವಿರಳ. ಅದರ ಮೇಲ್ಭಾಗ ಇಂದು ಬರಿದಾಗಿದೆ. ಗ್ರೀನ್‌ಲಾ 1856ರಲ್ಲಿ ತೆಗೆದ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ! ಆ ಶಿಖರವು ಬಳಿಕ ಇಲ್ಲವಾಯಿತು. ಅವನ ಕಾಗದಗಳು ದೀರ್ಘಕಾಲ ಜನರ ಕಣ್ಣಿಗೆ ಬೀಳದೆ ಇದ್ದು 1980ರ ದಶಕದಲ್ಲಿ ಬೆಳಕಿಗೆ ಬಂದವು. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಎಂಬ ಛಾಯಾಚಿತ್ರಗಾರರು 1983ರಲ್ಲಿ ಗ್ರೀನ್‌ಲಾ ನಿಂತಿದ್ದ ಸ್ಥಳಗಳಲ್ಲಿಯೇ ನಿಂತು ಅವೇ ಕಟ್ಟಡಗಳ ಚಿತ್ರಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಡುವಿನ ಕಾಲದಲ್ಲಿ ಬಿದ್ದುದೆಷ್ಟು, ಎತ್ತಿ ನಿಲ್ಲಿಸಿದ್ದೆಷ್ಟು ಎಂಬ ಲೆಕ್ಕ ದೊರೆಯುತ್ತದೆ.

ಲೆಕ್ಕವೆಂದಾಗ ನನ್ನ ಅಂಗಡಿಯ ಮಾತು ನೆನಪಿಗೆ ಬರುತ್ತದೆ. ಆಯಾ ದಿನದ ವ್ಯವಹಾರವನ್ನು ಅಂದೇ ಕಿರ್ದಿಯಲ್ಲಿ ಬರೆಯಬೇಕು. ನಾಳೆ ಬರೆದರಾಯಿತೆಂದು ಬಿಟ್ಟದ್ದು ವರ್ಷದ ಕೊನೆಗೆ ಜಗಳವಾಗುತ್ತದೆ. ಇಬ್ಬರೂ ಪ್ರಾಮಾಣಿಕರಾಗಿದ್ದರೂ ಜಗಳ ತಪ್ಪುವುದಿಲ್ಲ. ನಮ್ಮ ಬಾಗಿಲವಾಡದ ವಿಷಯದಲ್ಲಿ ಆದದ್ದೂ ಅದೇ. ಹಿರಿಯರಾರೂ ಸುಳ್ಳು ಹೇಳಲಿಲ್ಲ. ಕಿರ್ದಿಯೇ ಇರಲಿಲ್ಲ. ನನ್ನ ತಂದೆಯವರು ಭಕ್ತಿಯಲ್ಲಿ ಯಾರಿಗೂ ಕಡಿಮೆಯಾದವರಲ್ಲ. ತಮ್ಮ ಸ್ವಂತ ಹಣವನ್ನೂ ಹಾಕಿ ಬಸದಿಯನ್ನು ಗಟ್ಟಿಮಾಡಿಸಿದವರು. ಆದರೆ ಗಟ್ಟಿಮಾಡುವ ಆತುರದಲ್ಲಿ ಗುರುತು ಹೋಯಿತು.

ನಮ್ಮ ಕರ್ತವ್ಯ

ಇಂದು ಜೀರ್ಣೋದ್ಧಾರ ನಡೆಯದ ಊರಿಲ್ಲ. ಇದು ಸಮಾಜದ ಭಾಗ್ಯ. ಆದರೆ ಹಳೆಯ ಕಲ್ಲಿಗೆ ಬಣ್ಣ ಬಳಿಯುವ, ಶಾಸನದ ಮೇಲೆ ಸುಣ್ಣ ಹಚ್ಚುವ, ಮರದ ಕೆತ್ತನೆಯನ್ನು ಕಿತ್ತು ಹೊಳೆಯುವ ಕಲ್ಲು ಹಾಸುವ ಕೆಲಸಗಳೂ ಅದರ ಜೊತೆಗೆ ನಡೆಯುತ್ತಿವೆ. ಬಿಗ್ಸ್, ಪಿಗೂ, ಗ್ರೀನ್‌ಲಾ ಪಟ್ಟ ಕಷ್ಟದ ನೂರರಲ್ಲೊಂದು ಪಾಲೂ ನಮಗೀಗ ಬೇಕಾಗಿಲ್ಲ. ಎಲ್ಲರ ಕಿಸೆಯಲ್ಲಿಯೂ ಕ್ಯಾಮರಾ ಇರುವ ಫೋನು ಇದೆ. ಆದರೆ ನಾವು ತೆಗೆಯುವುದು ನಮ್ಮ ನಮ್ಮ ಮುಖಗಳನ್ನೇ. ನನ್ನ ಅಜ್ಜನವರ ರುಮಾಲಿನಂತೆ ಇಂದಿಗೂ ನಾವು ಬಿಂಬಕ್ಕೆ ಅಡ್ಡವಾಗಿಯೇ ನಿಲ್ಲುತ್ತಿದ್ದೇವೆ.

ಆದುದರಿಂದ ಬಸದಿಗಳ ಆಡಳಿತ ನಡೆಸುವ ಮಹನೀಯರಲ್ಲಿ ನನ್ನ ವಿನಂತಿ ಇಷ್ಟು. ಒಂದು ಕಲ್ಲನ್ನು ಕದಲಿಸುವ ಮೊದಲು ನಾಲ್ಕು ದಿಕ್ಕಿನಿಂದಲೂ ಕಟ್ಟಡದ ಚಿತ್ರ ತೆಗೆಸಿರಿ. ಪಕ್ಕದಲ್ಲಿ ಒಂದು ಅಳತೆಗೋಲನ್ನು ನಿಲ್ಲಿಸಿರಿ. ಶಾಸನವನ್ನು ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ತೆಗೆಸಿದರೆ ಸವೆದ ಅಕ್ಷರಗಳು ಎದ್ದು ತೋರುತ್ತವೆ. ಪ್ರತಿಯೊಂದು ಚಿತ್ರಕ್ಕೂ ಊರು, ತೇದಿ, ದಿಕ್ಕು ಬರೆಯಿರಿ. ಬಿಂಬಗಳ ಚಿತ್ರ ತೆಗೆಯುವ ವಿಷಯದಲ್ಲಿ ಆಯಾ ಕ್ಷೇತ್ರದ ಸಂಪ್ರದಾಯವನ್ನೂ ಪೂಜ್ಯ ಸ್ವಾಮಿಗಳ ಅಪ್ಪಣೆಯನ್ನೂ ಮೀರಬೇಡಿರಿ. ಕಾಗದದ ಮೇಲೆ ಅಚ್ಚುಹಾಕಿಸಿದ ಒಂದು ಪ್ರತಿ ಬಸದಿಯಲ್ಲಿ, ಒಂದು ಮಠದಲ್ಲಿ, ಒಂದು ಗ್ರಂಥಾಲಯದಲ್ಲಿ ಇರಲಿ. ಫೋನಿನಲ್ಲಿ ಮಾತ್ರ ಇದ್ದದ್ದು ಫೋನು ಕೆಟ್ಟ ದಿನ ಹೋಗುತ್ತದೆ. ಲಕ್ಷಾಂತರ ರೂಪಾಯಿಯ ಕೆಲಸದಲ್ಲಿ ಇದಕ್ಕೆ ತಗಲುವ ವೆಚ್ಚ ತೀರ ಸ್ವಲ್ಪ. ಶಾಸ್ತ್ರಗಳನ್ನು ಪ್ರತಿಮಾಡಿಸಿ ಹಂಚಿದ ಅತ್ತಿಮಬ್ಬೆಯ ಪರಂಪರೆಯವರಾದ ನಮಗೆ ಪ್ರತಿಯ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನಮ್ಮ ಬಸದಿಯಲ್ಲಿ ಕಡೆಗೆ ಏನು ಮಾಡಿದರೆಂದು ಓದುಗರು ಕೇಳಬಹುದು. ಹಿರಿಯರೆಲ್ಲರೂ ಕೂಡಿ ಕುಳಿತು, ನಿಶ್ಚಯವಿಲ್ಲದ ಬಿಂಬವನ್ನು ಕಲ್ಲಿನಲ್ಲಿ ಕೆತ್ತುವುದು ಬೇಡವೆಂದು ತೀರ್ಮಾನಿಸಿದರು. ಹೊಸ ಬಾಗಿಲವಾಡದ ಎರಡು ಬದಿಗೆ, ಹಳೆಯ ಭಾವಚಿತ್ರದಲ್ಲಿ ಕಂಡಂತೆಯೇ, ಚಾಮರಧಾರಿಗಳಿದ್ದಾರೆ. ನಡುವೆ ಶಿಲ್ಪಿಗಳು ಒಂದು ಪದ್ಮವನ್ನು ಮಾತ್ರ ಕೆತ್ತಿದ್ದಾರೆ. ಈ ಸಲ ಕೆಲಸ ಆರಂಭವಾಗುವ ಮೊದಲೇ ಬಸದಿಯ ಗೋಡೆ, ಕಂಬ, ಮಾಡುಗಳ ಚಿತ್ರಗಳನ್ನೆಲ್ಲ ತೆಗೆಸಿ, ಹೆಸರು ತೇದಿಗಳನ್ನು ಬರೆದು, ಭಂಡಾರದಲ್ಲಿ ಇಡಲಾಗಿದೆ. ನಮ್ಮ ಮೊಮ್ಮಕ್ಕಳ ಕಾಲದಲ್ಲಿ ಯಾವ ಶಿಲ್ಪಿಯಾದರೂ ಬಂದು ಪ್ರಶ್ನೆ ಕೇಳಿದರೆ ಅವರು ಭಂಡಾರದ ಪೆಟ್ಟಿಗೆಯನ್ನು ತೆರೆದು ತೋರಿಸಲಿ. ಮಹೋತ್ಸವಕ್ಕೆ ದಯಮಾಡಿಸಿದ ಶ್ರಾವಕ ಶ್ರಾವಿಕೆಯರು ಬಾಗಿಲನ್ನು ಪ್ರವೇಶಿಸುವಾಗ ಒಮ್ಮೆ ತಲೆಯೆತ್ತಿ ಆ ಪದ್ಮವನ್ನು ನೋಡಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇನೆ.

ಜೈ ಜಿನೇಂದ್ರ.